ಪಂಪು ನಿಂತ ಮೇಲೆ

ಮಾರ್ಚ್ 3, ಸೋಮವಾರ

ಬೆಳಗ್ಗೆ ಗಾಜಿನ ಮೇಲೊಂದು ಗೆರೆ ಕಂಡಿತು. ಮೊಣಕಾಲಿನ ಎತ್ತರದಲ್ಲಿ, ಅಡ್ಡಕ್ಕೆ, ತೆಳ್ಳಗೆ — ಕೆಂಪು ಮರಳು ಕೂತು ಹೋದ ಗುರುತು. ತೊಳೆದವರು ಸರಿಯಾಗಿ ತೊಳೆದಿಲ್ಲ. ಉಗುರಿನಿಂದ ಕೆರೆದೆ. ಒಳಮೈಯಲ್ಲಿದೆ, ಬರಲಿಲ್ಲ.

ಲ್ಯಾಬಿನ ನಟ್ಟನಡುವೆ ಈ ಗಾಜು. ಆಳೆತ್ತರದ ಎರಡು ಹಲಗೆಗಳು, ನಡುವೆ ಕಿರುಬೆರಳೂ ಹೋಗದ ಸಂದಿ. ಅದೇ ನಮ್ಮ ಪಾಲಿಗೆ ನೆಲದಡಿಯ ಬಂಡೆಯ ಬಿರುಕು. ಒಂದು ತುದಿಯಿಂದ ಬಣ್ಣದ ಮರಳು ಬೆರೆತ ದ್ರವವನ್ನು ಪಂಪು ಮಾಡಿ, ಮರಳು ಎಲ್ಲಿಯವರೆಗೆ ಹೋಗುತ್ತದೆ ಎಂದು ತೋರಿಸುತ್ತಾರೆ. ನಮ್ಮ ದ್ರವದ ಖರೀದಿಗೆ ಬಂದವರಿಗೆ ಅದನ್ನು ವಿವರಿಸುವ ಸ್ಕ್ರಿಪ್ಟ್ ಬರೆಯುವುದು, ಪಕ್ಕದಲ್ಲಿ ನಿಂತು ಓದುವುದು ನನ್ನ ಕೆಲಸ. ಬರೆಯುವುದು ಸಲೀಸು. ಓದುವಾಗ ಕಾಗದದಿಂದ ಕಣ್ಣೆತ್ತುವುದಿಲ್ಲ.

ಇವತ್ತಿನ ಡ್ರಾಫ್ಟ್: “ಎಣ್ಣೆ ಬಾವಿಯೊಳಗೆ ಭಾರಿ ಒತ್ತಡದಲ್ಲಿ ದ್ರವ ನುಗ್ಗಿಸುತ್ತೇವೆ. ಬಂಡೆ ಬಾಯಿ ಬಿಡುತ್ತದೆ. ಆ ದ್ರವವೇ ಮರಳನ್ನು ಹೊತ್ತು ಒಳಗೆ ಒಯ್ಯುತ್ತದೆ. ಒತ್ತಡ ಇಳಿದಾಗ ಬಂಡೆ ಮತ್ತೆ ಬಾಯಿ ಮುಚ್ಚಲು ನೋಡುತ್ತದೆ. ಮರಳು ಬಿಡುವುದಿಲ್ಲ. ಆ ಸಂದಿಯಿಂದ ಎಣ್ಣೆ ಹೊರಗೆ ಬರುತ್ತದೆ.”

ಲ್ಯಾಬ್ ನಡೆಸುವ ನಮ್ಮ ಸಾಹೇಬರಿಗೆ ಬಹಳ ಹಿಡಿಸಿತು. “ಬಂಡೆಗೂ ಬಾಯಿ ಕೊಟ್ಯಲ್ಲಮ್ಮ! ನಿನಗೇ ಇಲ್ಲ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರ್ಚ್ 4

ಊಟದ ಹೊತ್ತು. ಟ್ರಯಲ್ ನಡೆಯುತ್ತಿತ್ತು. ಕರೆಂಟು ಹೋಯಿತು, ಪಂಪು ನಿಂತಿತು. ಪಂಪು ಓಡಿಸುವ ಅಣ್ಣ — ಎಲ್ಲರ ಬಾಯಲ್ಲೂ ‘ಪಂಪಣ್ಣ’ — ಡಬ್ಬಿ ತೊಳೆಯಲು ಹೋಗಿದ್ದ. ಗಾಜಿನ ಮುಂದೆ ನಾನೊಬ್ಬಳೇ.

ಅಲ್ಲಿಯತನಕ ಗಾಜಿನ ತುಂಬ ಕೆಂಪು. ಮೇಲಿನ ಅಂಚಿನವರೆಗೂ. ಆಮೇಲೆ ಮೇಲಿಂದ ಬಣ್ಣ ಇಳಿಯತೊಡಗಿತು. ಮೊದಲು ನನ್ನ ಕಣ್ಣೇ ಮಂಜಾಯಿತು ಅಂದುಕೊಂಡೆ. ಇಲ್ಲ, ಮರಳು ಕೂರುತ್ತಿದೆ. ಸದ್ದಿಲ್ಲದೆ, ಅವಸರವಿಲ್ಲದೆ. ಕೊನೆಗೆ ಅಡಿಯಲ್ಲಷ್ಟೇ ಕೆಂಪು ದಿಣ್ಣೆ. ಮೇಲೆಲ್ಲ ಬರಿ ದ್ರವ.

ಬಂಡೆಯಲ್ಲೂ ಹೀಗೇ ಆದರೆ? ಮೇಲಿನ ಬಿರುಕಿಗೆ ಆಸರೆಯೇ ಇಲ್ಲ. ಪೂರ್ತಿ ಮುಚ್ಚಿಕೊಳ್ಳುತ್ತದೆ.

ಎಷ್ಟೊಂದು ಡೆಮೊ ಓದಿದ್ದೇನೆ, ಇದನ್ನು ನೋಡಿರಲೇ ಇಲ್ಲ. ಯಾಕೆಂದರೆ ಪಂಪು ನಿಲ್ಲುವ ಗಳಿಗೆಗೆ ಸಾಹೇಬರು ಕೈ ಉಜ್ಜಿಕೊಂಡು “ಬನ್ನಿ ಬನ್ನಿ, ಚಹಾ ಆರಿಹೋಗುತ್ತೆ” ಎನ್ನುತ್ತಾರೆ. ಎಲ್ಲರೂ ಪಕ್ಕದ ಕೋಣೆಗೆ. ಹಿಂದಿರುಗುವಷ್ಟರಲ್ಲಿ ಗಾಜು ತೊಳೆದು ಫಳಫಳ.

ಪಂಪಣ್ಣನನ್ನು ಕೇಳಿದೆ.

“ಫೋಟೋ ತೆಗೆಯೋವಾಗ ಹೊಟ್ಟೆ ಒಳಗೆ ಎಳ್ಕೊಳ್ಳಲ್ವಾ ತಂಗಿ? ಅಷ್ಟೇ ಇದು.”

“ಉಸಿರು ಬಿಟ್ಟಾಗ?”

“ಅಷ್ಟೊತ್ತಿಗೆ ಎಲ್ರೂ ಬಿಸ್ಕತ್ತು ಅದ್ದುತಾ ಇರ್ತಾರೆ.”

ಮಾರ್ಚ್ 6, ಸಂಜೆ

ಕೇಳಿಯೇ ಬಿಟ್ಟೆ. ಬಾಗಿಲು ಬಡಿಯುವ ಮುಂಚೆ ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡಿ, ನೋಟಿಸ್ ಬೋರ್ಡಿನ ಹಳೇ ಕಾಗದಗಳನ್ನೆಲ್ಲ ಓದಿ, ಆಮೇಲೆ.

ಸಾಹೇಬರು ಸಿಟ್ಟಾಗಲಿಲ್ಲ. ಪಾಠವನ್ನೇ ಮಾಡಿದರು. ಗೋರಿಕಾಯಿ ಬೀಜದ ಅಂಟು ಕಲಸಿದ ಗಟ್ಟಿ ದ್ರವ ಮರಳನ್ನು ಬೀಳಲು ಬಿಡುವುದಿಲ್ಲ, ಆದರೆ ಅದರ ಜಿಗುಟು ಬಿರುಕಿನಲ್ಲೇ ಉಳಿದು ದಾರಿ ಕಟ್ಟುತ್ತದೆ. ತೆಳು ನೀರಾದರೆ ಜಿಗುಟಿಲ್ಲ, ಆದರೆ ಮರಳು ಬಾಗಿಲಲ್ಲೇ ಗುಡ್ಡೆ ಬೀಳುತ್ತದೆ. ಅದರ ಹಿಂದೆ ಬರುವ ಮರಳು ಆ ಗುಡ್ಡೆಯ ಬೆನ್ನ ಮೇಲೆ ಉರುಳುರುಳಿ ಆಚೆ ದಾಟಬೇಕು. ನಮ್ಮ ಹೊಸ ದ್ರವ ಎರಡರ ನಡುವಿನದು.

“ಪಂಪು ಓಡೋವಾಗ ಚೆನ್ನಾಗಿ ಹೊರುತ್ತೆ. ನಿಂತ ಮೇಲೆ ಬಂಡೆ ಬೇಗ ಮುಚ್ಕೊಂಡ್ರೆ ಮರಳು ಇದ್ದಲ್ಲೇ ಸಿಕ್ಕೊಳ್ಳುತ್ತೆ. ಏನೂ ತೊಂದ್ರೆ ಇಲ್ಲ.”

“ನಿಧಾನಕ್ಕೆ ಮುಚ್ಕೊಂಡ್ರೆ ಸರ್?”

“ಅದು ಅವರವರ ಬಂಡೆ ಹಣೆಬರಹ.”

ಆಗ ನೆನಪಾಯಿತು. ಹೋದ ತಿಂಗಳು ಬಂದಿದ್ದ ದಪ್ಪ ಕನ್ನಡಕದ ಎಂಜಿನಿಯರ್ ಮೇಡಂ. ಈ ದ್ರವ ಕೊಳ್ಳಲು ಹೊರಟಿರುವವರು ಅವರೇ, ಹದಿನೇಳಕ್ಕೆ ಡೆಮೊ ನೋಡಲು ಬರುವವರೂ ಅವರೇ. ಮೆಟ್ಟಿಲ ಮೇಲೆ ಮಂಡಿ ಒತ್ತಿಕೊಳ್ಳುತ್ತ ನನ್ನ ಜೊತೆ ನಗೆಯಾಡಿದ್ದರು: “ನಮ್ಮ ಬಂಡೆ ಮಹಾ ಸೋಮಾರಿ ಕಣಮ್ಮ. ಬಾಯಿ ಮುಚ್ಚೋಕೂ ಗಂಟೆಗಟ್ಟಲೆ ಬೇಕು. ಈ ಬಾವಿನೂ ಕೈಕೊಟ್ರೆ ನಮ್ಮ ಕಂಪನಿಗೆ ಬೀಗವೇ.”

ಅದನ್ನು ಹೇಳಿದೆ. ಸಾಹೇಬರು ಪೇಪರ್‌ವೇಟು ತಿರುಗಿಸಿದರು.

“ನಿನ್ನ ಕೆಲಸದ ಕನ್ಫರ್ಮೇಶನ್ ಈ ಡೆಮೊ ಆದ ಮೇಲೆ ಅಲ್ವಾ? ನೀನು ಕಥೆ ಕಾದಂಬರಿ ಓದಿದವಳು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಬೇಕು.”

ಗೊತ್ತು. ಅದಕ್ಕೇ ಕೇಳಿದ್ದು.

ಮಾರ್ಚ್ 13

ವಾರವಿಡೀ ಬರೆಯಲಿಲ್ಲ. ಬರೆದದ್ದೆಲ್ಲ ಅಲ್ಲಿಗೇ ಹೋಯಿತು — ಸ್ಕ್ರಿಪ್ಟಿಗೆ.

“ಪಂಪು ನಿಂತ ಮೇಲೆ ಮರಳು ಕೆಳಗೆ ಕೂರುತ್ತದೆ” ಎಂದು ಸೇರಿಸಿದೆ. ಹೊಡೆದುಹಾಕಿದರು. ಮತ್ತೆ ಸೇರಿಸಿದೆ. ಹೊಡೆದು, ಪಕ್ಕದಲ್ಲಿ ‘ಬೇಡ’ ಎಂದು ಬರೆದರು. ಮತ್ತೆ ಸೇರಿಸಿದೆ. ಈ ಸಲ ‘ಬೇಡ’ದ ಕೆಳಗೆ ಗೆರೆ — ಕಾಗದ ಹರಿಯುವ ಹಾಗೆ.

ಇದು ನಾನೇನಾ? ಬಸ್ಸಿನಲ್ಲಿ ‘ಇಳಿಯೋದಿದೆ’ ಅನ್ನಲಾರದೆ ಮುಂದಿನ ಸ್ಟಾಪಿನಿಂದ ನಡೆದು ಬರುವವಳು.

ಅಮ್ಮ ಅಕ್ಕಿ ಗಾಲಿಸುತ್ತಿದ್ದಳು. ಪಾತ್ರೆ ತಿರುಗಿಸುವವರೆಗೆ ಅಕ್ಕಿ ನೀರಿನ ಜೊತೆ ಜಾರಿ ಬರುತ್ತದೆ. ಕೈ ನಿಂತರೆ ಎಲ್ಲವೂ ತಳಕ್ಕೆ. “ನೋಡು, ಹೀಗೇ ಆಗೋದು” ಎಂದೆ. ಕಥೆಯೆಲ್ಲ ಹೇಳಿದೆ.

“ಊರ ಉಸಾಬರಿ ನಿನಗ್ಯಾಕೆ? ಚಿಕ್ಕಪ್ಪ ಅವರಿವರ ಕೈಕಾಲು ಹಿಡಿದು ಕೊಡಿಸಿದ ಕೆಲಸ.”

“ಅವರ ಬಾವಿ ಹಾಳಾಗುತ್ತಮ್ಮ.”

“ಆ ಮೇಡಂ ಬಾವಿ ಬಿದ್ರೆ ನೀನೂ ಬೀಳ್ಬೇಕಾ?”

“ಬೀಳ್ತಾರೆ ಅಂತ ಕಣ್ಣಾರೆ ಕಂಡೂ ಚಹಾ ಕೊಡ್ಲಾ?”

ಅಮ್ಮ ನನ್ನ ಮುಖವನ್ನೇ ನೋಡಿದಳು. “ಮನೇಲಿ ಮಾತ್ರ ಎಷ್ಟುದ್ದ ನಾಲಗೆ” ಎಂದು ಗೊಣಗಿ ಒಲೆ ಹಚ್ಚಿದಳು.

ಮನೆಯಲ್ಲಿ ಮಾತ್ರ. ಹೌದು. ಅದೇ ಚುಚ್ಚುತ್ತಿದೆ.

ಮಾರ್ಚ್ 14, ಶುಕ್ರವಾರ

ಅಂತಿಮ ಸ್ಕ್ರಿಪ್ಟ್ ಕೈಗೆ ಬಂತು. ಸಾಹೇಬರೇ ಟೈಪ್ ಮಾಡಿಸಿದ್ದಾರೆ. ನನ್ನ ಸಾಲು ಇಲ್ಲ. “ಇದರಲ್ಲಿರೋದಕ್ಕಿಂತ ಒಂದಕ್ಷರ ಜಾಸ್ತಿ ಬೇಡ. ಆಮೇಲೆ ಚಹಾ ವ್ಯವಸ್ಥೆ ನೋಡ್ಕೋ. ಅಷ್ಟು ಮಾಡಿದ್ರೆ ಸಾಕು ತಾಯಿ.”

ಆಯಿತು ಸರ್ ಎಂದೆ.

ಚಹಾ ವ್ಯವಸ್ಥೆ ನನ್ನದು… ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ತಲೆಯಲ್ಲಿ. “ಇಳಿಯೋದಿದೆ!” ಎಂದು ಕೂಗಿದೆ ಇವತ್ತು. ಡ್ರೈವರ್ ಬೆಚ್ಚಿಬಿದ್ದ.

ಮಾರ್ಚ್ 17, ಬೆಳಗ್ಗೆ, ಲ್ಯಾಬಿನಲ್ಲಿ

ಎಲ್ಲರಿಗಿಂತ ಮುಂಚೆ ಬಂದೆ. ಪಕ್ಕದ ಕೋಣೆಯ ಕುರ್ಚಿಗಳನ್ನೆಲ್ಲ ಹೊತ್ತು ತಂದು ಗಾಜಿನ ಮುಂದೆ ಸಾಲಾಗಿ ಇಟ್ಟೆ. ಪುಟ್ಟ ಮೇಜೂ ಬಂತು. ಕ್ಯಾಂಟೀನಿಗೆ ಫೋನ್ ಮಾಡಿ ಹೇಳಿದ್ದೇನೆ: ಚಹಾ ಈ ಸಲ ಲ್ಯಾಬಿಗೇ ಬರಲಿ, ಪಂಪು ನಿಂತ ಕೂಡಲೇ. ಸ್ಕ್ರಿಪ್ಟಿಗಿಂತ ಒಂದಕ್ಷರವೂ ಜಾಸ್ತಿ ಬೇಡವಂತೆ. ಬೇಡ. ಗಾಜು ತಾನೇ ಹೇಳಿಕೊಳ್ಳಲಿ.

ಪಂಪಣ್ಣ ಬಂದವನು ಬಾಗಿಲಲ್ಲೇ ನಿಂತ.

“ಏನ್ ತಂಗಿ, ಸಿನಿಮಾನಾ?”

“ಹೂಂ. ಈ ಸಲ ಇಂಟರ್‌ವಲ್ ಇಲ್ಲ.”

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ತಲೆ ಕೆರೆದುಕೊಂಡ. “ನಾನಂತೂ ತೊಳಿ ಅಂದ್ರೆ ತೊಳಿಯೋನಪ್ಪ. ನನ್ನನ್ನ ಎಳೀಬೇಡ.”

“ಅವರು ಕಪ್ಪು ಹಿಡ್ಕೊಂಡು ಎದುರಿಗೇ ಕೂತಿರುವಾಗ ಹೇಗಣ್ಣ ತೊಳೀತೀಯ?”

ಅವನು ಪಂಪಿನ ಕಡೆ ಹೋದ. ಹೋಗುವಾಗ ನಕ್ಕನೋ ಕೆಮ್ಮಿದನೋ, ತಿಳಿಯಲಿಲ್ಲ.

ಸಾಹೇಬರು ಸುಮ್ಮನಿರುವುದಿಲ್ಲ. ಪಕ್ಕದ ಕೋಣೆಯಲ್ಲಿ ಎಸಿ ಇದೆ ಬನ್ನಿ ಮೇಡಂ, ಎನ್ನುತ್ತಾರೆ. ಮೇಡಂ ಎದ್ದೂ ಬಿಡಬಹುದು. ಎದ್ದರೆ, ನಾನು ಹೇಳುತ್ತೇನೆ — “ಇನ್ನೂ ಮುಗಿದಿಲ್ಲ ಮೇಡಂ, ಕೂತ್ಕೊಳ್ಳಿ.” ಬಚ್ಚಲಿನಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ. ದನಿ ನಡುಗಿತು. ಇನ್ನೊಮ್ಮೆ ಹೇಳಿದೆ. ಆಗಲೂ ನಡುಗಿತು. ನಡುಗಲಿ. ನಡುಗಿದರೂ ಕೇಳಿಸುತ್ತದೆ.

ಕನ್ಫರ್ಮೇಶನ್ ಅವರಲ್ಲೇ ಇಟ್ಟುಕೊಳ್ಳಲಿ. ಚಿಕ್ಕಪ್ಪನಿಗೆ ನಾನೇ ಹೇಳುತ್ತೇನೆ.

ಗೇಟಿನಲ್ಲಿ ಹಾರ್ನ್. ಮೇಡಂ ಕಾರೇ. ಸಾಹೇಬರು ಮೇಲಿನಿಂದ ಕರೆಯುತ್ತಿದ್ದಾರೆ, ಬಾಗಿಲಿಗೆ ಬಾ ಅಂತ. ಬರುತ್ತೇನೆ. ಅದಕ್ಕೆ ಮುಂಚೆ ಮೇಡಂ ಕುರ್ಚಿಯನ್ನು ಗಾಜಿಗೆ ಇನ್ನೂ ಒಂದಿಷ್ಟು ಹತ್ತಿರಕ್ಕೆ —