ಅಣೆ ಹತ್ತುವ ಮೀನು

ಅಕ್ಟೋಬರ್ 5, 1986, ಭಾನುವಾರ

ಕ್ಷಮೆಯಿರಲಿ. ಜೂವಾಲಜಿ ರೆಕಾರ್ಡಿನ ಹಿಂಪುಟಗಳಲ್ಲಿ ಇದನ್ನೆಲ್ಲ ಬರೆಯಬಾರದು. ಆದರೆ ಹಿಂದೆ ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಕಲಿತ ಈ ಕನ್ನಡ ಅಕ್ಷರ ಈ ತಮಿಳು ಸೀಮೆಯ ಕಾಲೇಜಿನಲ್ಲಿ ಯಾರಿಗೂ ಓದಲು ಬಾರದು. ಸೇಫ್.

ಸಿಂಗಾನಲ್ಲೂರಲ್ಲಿ ಬಸ್ ಹಿಡಿದು ಮತ್ತೆ ಅಜ್ಜಿಯ ಊರು. ಹೊಳೆಗೆ ಅಡ್ಡವಾಗಿ ಅಣೆ — ಸೊಂಟದೆತ್ತರದ ಕಲ್ಲುಗೋಡೆ. ಮಳೆಯ ಹೊಸನೀರಿಗೆ ಮೊಟ್ಟೆ ಹೊತ್ತು ಬರುವ ಕೆಳುತಿ, ಅಂದರೆ ಮೀಸೆಯ ಮೀನು, ಅದಕ್ಕೆ ಬಡಿದು ನಿಲ್ಲುತ್ತದೆ. ನೀರಾವರಿ ಇಲಾಖೆಗಾಗಿ ಅಣೆ ನೋಡಿಕೊಳ್ಳುವ ಲಿಂಗಪ್ಪನ್ ಮಾವ ಬುಟ್ಟಿಯಲ್ಲಿ ಬಾಚುತ್ತಾರೆ. ಮೇಲಿನ ಕೆರೆಯಲ್ಲಿ ಈಗ ಕೆಳುತಿಯೇ ಇಲ್ಲ.

ಲೈಬ್ರರಿ ಪುಸ್ತಕದಲ್ಲಿ ಸಾಲ್ಮನ್ ಮೀನು ಮೆಟ್ಟಿಲು ಹತ್ತುವ ಚಿತ್ರ ನೋಡಿ, ಗೋಡೆಯ ಮೂಲೆಗೆ ನಾನೂ ಕಲ್ಲಿನ ಮೆಟ್ಟಿಲು ಕಟ್ಟಿದೆ.

“ಏನ್ ಕಣ್ಣು, ಮೀನಿಗೆ ಮೆಟ್ಲಾ? ಹಂಗೇ ಒಂದ್ ಲಿಫ್ಟೂ ಮಡಗ್ಬುಡು!” ಮಾವ. ಇಲ್ಲಿ ಮುದ್ದಿಗೆ ‘ಕಣ್ಣು’ ಅನ್ನುತ್ತಾರೆ.

ಅಕ್ಟೋಬರ್ 12

ಹೊಸನೀರು ಬಂತು. ಒಂದೂ ಹತ್ತಲಿಲ್ಲ. ಮಾವನ ಬುಟ್ಟಿ ಭರ್ತಿ.

ಅಜ್ಜಿ ಮೀನು ಕೊಯ್ಯುತ್ತಾ, “ನಿನ್ ಬುಕ್ಕಿನ್ ಮೀನು ಜಿಗೀತದೆ. ನಮ್ ಕೆಳುತಿ ಜಿಗಿಯಲ್ಲ ಕಣ್ಣು, ಕಲ್ ತಬ್ಕಂಡು ತೆವಳ್ತದೆ. ಇಷ್ಟ್ ಓದಿ ಅಷ್ಟೂ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಹಿಮದ ಊರಿನ ಮೀನಿಗೆ ಕಟ್ಟಿದ್ದೆ.

ಅಕ್ಟೋಬರ್ 19

ಮೆಟ್ಟಿಲು ಕಿತ್ತೆವು, ಅಜ್ಜಿ ಮತ್ತು ನಾನು. ಒರಟು ಕಲ್ಲು ಆರಿಸಿ ಇಳಿಜಾರು ಹಾಸಿದೆವು — ನಡುವೆ ಸಂದು ಬಿಟ್ಟು. ಕಾಲೇಜಿನ ಶನಿವಾರದ ಟೆಸ್ಟ್ ತಪ್ಪಿಹೋಯಿತು. ಹಾಸ್ಟೆಲ್ ವಾರ್ಡನ್ ಅಪ್ಪನಿಗೆ ಬರೆಯುತ್ತಾರಂತೆ. ಬರೆಯಲಿ.

“ನೀರು ಸೋರ್ತದೆ. ಮಂಗ್ಳಾರ ಸಿಮೆಂಟ್ ಪೂಸ್ತೀನಿ” ಎಂದರು ಮಾವ.

“ಪೂಸಿ ಮಾವ. ಕಲ್ಲಿನ ಮೇಲೆ ನಾನು ಕೂತಿರ್ತೀನಿ.”

“ಕೂತ್ಕೋ. ನಿನ್ನೂ ಸೇರ್ಸಿ ಪೂಸ್ತೀನಿ!”

ಅಕ್ಟೋಬರ್ 22, ಬುಧವಾರ

ನಿನ್ನೆ ಕೂತೆ. ಏಳಲಿಲ್ಲ. ಮಾವ ಕಳಿಸಿದ ಮೇಸ್ತ್ರಿ ಬೈದುಕೊಂಡು ಸಿಮೆಂಟ್ ಬಾಂಡ್ಲಿ ಹೊತ್ತು ವಾಪಸ್ಸು ಹೋದ.

ಇವತ್ತು ಮಳೆ. ಹನ್ನೊಂದು ಗಂಟೆಗೆ ಮೊದಲನೆಯದು — ಸಂದಿಗೆ ಮೀಸೆ ತೂರಿಸಿತು, ನಿಂತಿತು, ಇನ್ನೊಂದು ಸಂದು... ಮೇಲೆ! ಆಮೇಲೆ ಹದಿನೆಂಟು. ಅಜ್ಜಿ ನನ್ನ ಭುಜ ಹಿಡಿದು ಕುಲುಕಿದಳು.

ಮಾವ ಖಾಲಿ ಬುಟ್ಟಿಯನ್ನು ದಡದಲ್ಲಿ ಮಗುಚಿಟ್ಟರು. “ಸರಿ. ನಮ್ ಇಲಾಖೆ ಎಂಜಿನಿಯರ್ ಸಾರ್ ಕೈಲಿ ಒಪ್ಗೆ ಕಾಗ್ದ ತಾ, ಕಲ್ಲು ಹಂಗೇ ಬುಟ್ಬುಡ್ತೀನಿ. ಇಲ್ಲಾಂದ್ರೆ ಬರೋ ಬುಧ್ವಾರ ಸಿಮೆಂಟೇ.”

ಅಕ್ಟೋಬರ್ 23

ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ಹಾಕುವೆ —

ಎಂಜಿನಿಯರ್ ಸಾರ್, ನಮ್ಮೂರ ಅಣೆಯ ಮೂಲೆಯಲ್ಲಿ ಕಲ್ಲು ಹಾಸಿದವಳು ನಾನೇ. ಪರ್ಮಿಷನ್ ಕೇಳಲಿಲ್ಲ. ಕೇಳಿದ್ದರೆ ಮಳೆಗಾಲ ಮುಗಿಯುತ್ತಿತ್ತು. ಅಲ್ಲಿ ನೀರು ಸೋರುವುದಿಲ್ಲ ಎಂದು ಸುಳ್ಳು ಹೇಳಲಾರೆ. ಸೋರುತ್ತದೆ. ಸೋರುವ ಆ ನೀರಿನಲ್ಲೇ ಮೀನು ಹತ್ತುತ್ತದೆ. ಬುಧವಾರ ಮೇಸ್ತ್ರಿ ಬರುತ್ತಾನೆ, ನಾನೂ ಬಂದು ಕೂರುತ್ತೇನೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.