ಎರಡು ಬ್ಯಾಟರಿಗಳ ನಡುವಿನ ಕಾವಲು

ಮಾರ್ಚ್ ೩, ಸಂಜೆ

ಟ್ರೇಲರ್ ಬ್ಯಾಟರಿ ೧೨.೧ ವೋಲ್ಟ್. ನಿನ್ನೆ ೧೨.೨ ಇತ್ತು. ಮೀಟರಿನ ಗಾಜು ಒರೆಸಿ ಮತ್ತೆ ನೋಡಿದೆ. ಒರೆಸಿದರೆ ಹೆಚ್ಚಾಗುವುದಿಲ್ಲ. ಗೋದಾಮುಗಳ ಸಾಲಿನಲ್ಲಿ ಮೂರನೇ ಗೇಟಿನ ಹೊರಗೆ ನಿಂತಿದ್ದೇವೆ. ಬೆಂಚು ಇಳಿಸಿದೆ, ಪುಸ್ತಕದ ಕಪಾಟು ತೆರೆದೆ, ಆರು ದೀಪ ಹಾಕಿದೆ. ಪಾಳಿ ಮುಗಿಸಿದ ಮೂಟೆ ಹೊರುವವರು, ಒಂಬತ್ತು ಜನ. ಗೇಟಿಗೆ ಅಂಟಿಸುವ ನೋಟೀಸನ್ನು ಇನ್ನೊಬ್ಬರ ಬಾಯಿಂದ ಕೇಳದೆ ಅವರೇ ಓದಬೇಕು — ಈ ತಿಂಗಳ ಗುರಿ. "ತಕ್ಷಣದಿಂದ ಜಾರಿಗೆ"ವರೆಗೆ ಬಂದೆವು. ದೀಪ ಮಂಕಾಯಿತು. ಎದ್ದು ಹೋದರು.

ಜೀಪು ಅದನ್ನು ಓಡಿಸುವ ಗೇರಣ್ಣನದು. ಟ್ರೇಲರು ನಮ್ಮ ವಾಚನಾಲಯದ್ದು — "ನಮ್ಮ" ಎಂದು ಬರೆಯುವುದು ಬರೀ ಅಭ್ಯಾಸ. ಶುರುವಿನಲ್ಲಿ ಹನ್ನೊಂದು ಜನ ಇದ್ದೆವು. ಒಬ್ಬನಿಗೆ ಪರೀಕ್ಷೆ, ಒಬ್ಬಳಿಗೆ ಮದುವೆ, ಉಳಿದವರಿಗೆ ಕಾರಣವೂ ಬೇಕಾಗಲಿಲ್ಲ. ಈಗ ನಾನು. ಮತ್ತು ಒಂದು ಕಿರುಹೊತ್ತಿಗೆಯನ್ನೂ ಓದದ, ಒಂದು ದಿನವೂ ತಪ್ಪಿಸದ ಗೇರಣ್ಣ.

"ಏನ್ ಭಾಷಣ, ಇವತ್ತು ಕ್ರಾಂತಿ ಬೇಗ ಮುಗೀತಾ?"

"ಕರೆಂಟು ಮುಗೀತು."

"ಎರಡೂ ಒಂದೇ ಅಲ್ವಾ!"

ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಅವನಿಗೆ ನಾನು ಬರೀ "ಭಾಷಣ". ಹೆಂಡತಿ ಕಳಿಸಿದ ಊಟದ ಡಬ್ಬಿಯನ್ನು ಟ್ರೇಲರಿನ ಮೆಟ್ಟಿಲ ಮೇಲಿಟ್ಟು ಸೈಕಲ್ ಏರಿ ಮನೆಗೆ ಹೋದ. ಜೀಪನ್ನು ಕೊಂಡಿಯಿಂದ ಬಿಡಿಸುವ ಗೋಜಿಗೆ ಹೋಗುವುದಿಲ್ಲ. ಅದು ಇಲ್ಲೇ, ಟ್ರೇಲರಿನ ಮುಂದೆ. ಒಳಗೆ ಒಬ್ಬನೇ ಮಲಗುವವನಿಗೆ ಅಷ್ಟೂ ಒಂದು ಧೈರ್ಯ.

ಮಾರ್ಚ್ ೫

ವೈರ್ ಅಕ್ಕ ಬಂದಿದ್ದರು. ಆಟೋ ಎಲೆಕ್ಟ್ರಿಷಿಯನ್, ಕಿವಿಯ ಮೇಲೆ ಸದಾ ಒಂದು ಟೆಸ್ಟರ್. ಜೀಪು ಓಡುವಾಗ ಅದರ ಆಲ್ಟರ್ನೇಟರಿನಿಂದ ಏಳು ಪಿನ್ನಿನ ಪ್ಲಗ್ ಮೂಲಕ ಟ್ರೇಲರ್ ಬ್ಯಾಟರಿಗೆ ಚಾರ್ಜು ಬರಬೇಕು. ಜೀಪಿನ ಬಳಿ ೧೪.೧. ಟ್ರೇಲರಿನ ತುದಿ ಮುಟ್ಟುವಾಗ ೧೨.೮.

"ವೈರು ಸಣ್ಣದು, ದಾರಿ ಉದ್ದ. ಅರ್ಧ ದಾರೀಲೇ ಸೋರಿಹೋಗುತ್ತೆ. ಅದೂ ನೀವು ಓಡ್ಸೋದು ದಿನಕ್ಕೆ ನಾಲ್ಕು ಕಿಲೋಮೀಟರು! ಒಂದು ತುತ್ತು ಹಾಕಿ ಹೊಲ ಉಳು ಅಂದಂಗಾಯ್ತು."

ದಪ್ಪ ವೈರು ಎಳೆದರು. ಜೀಪಿನ ಬಾನೆಟ್ ಒಳಗೆ ಬೆಂಕಿಪೆಟ್ಟಿಗೆ ಗಾತ್ರದ ಕಪ್ಪು ಡಬ್ಬಿಯೊಂದಿತ್ತು. ಅದೇನೆಂದು ಕೇಳಿದೆ.

"ರಿಲೇ. ಎಂಜಿನ್ ಓಡೋವಾಗ ಎರಡು ಬ್ಯಾಟರೀನೂ ಸೇರಿಸುತ್ತೆ, ನಿಂತ ತಕ್ಷಣ ಬೇರೆ ಮಾಡುತ್ತೆ. ಕಾವಲುಗಾರ ಅಂದ್ಕೊ. ಅದಿಲ್ಲಾಂದ್ರೆ ನಿನ್ನ ಟ್ರೇಲರು ನಿಂತ ಜೀಪಿನ ಪ್ರಾಣ ಹೀರ್ಬಿಡುತ್ತೆ."

ಕಾವಲುಗಾರ! ಒಬ್ಬನಲ್ಲಿ ಇದೆ, ಒಬ್ಬನಲ್ಲಿ ಇಲ್ಲ, ನಡುವೆ ಒಬ್ಬ ಕಾವಲುಗಾರ. ಇದನ್ನು ನಾನು ಎಲ್ಲಿ ತಾನೇ ಓದಿಲ್ಲ?

ಮಾರ್ಚ್ ೧೧

ದಪ್ಪ ವೈರಿನಿಂದ ಅರ್ಧ ಗಂಟೆ ಹೆಚ್ಚು ಬೆಳಕು. ಸಾಲದು. ಇಂದು ನಾಲ್ಕೇ ಜನ. ಅತ್ತ ಜೀಪಿನ ಬ್ಯಾಟರಿ ೧೨.೭ ತುಂಬಿಕೊಂಡು ಸುಮ್ಮನೆ ಕೂತಿದೆ, ಇತ್ತ ಆರು ಅಡಿ ದೂರದಲ್ಲಿ ಒಬ್ಬಾಕೆ ಅಕ್ಷರವನ್ನು ಮೂಗಿಗೆ ಹಿಡಿದು ಓದುತ್ತಿದ್ದಾಳೆ. ಕಿರುಹೊತ್ತಿಗೆಯಲ್ಲಿ ನಾನು ಅಡಿಗೆರೆ ಎಳೆದ ಸಾಲು: ಬಳಸದೆ ಕೂಡಿಟ್ಟದ್ದು ಯಾರದೂ ಅಲ್ಲ.

ಮಾರ್ಚ್ ೧೪, ಮಧ್ಯಾಹ್ನ ೩

ತೆಗೆದೆ. ಗೇರಣ್ಣ ಊಟಕ್ಕೆ ಹೋಗಿದ್ದ. ರಿಲೇ ಬಿಚ್ಚಿ, ವೈರಿನ ಎರಡೂ ತುದಿಯನ್ನು ಒಂದೇ ಬೋಲ್ಟಿಗೆ ಬಿಗಿದೆ. ಹತ್ತು ನಿಮಿಷದ ಕೆಲಸ. ಅವನಿಗೆ ಹೇಳೋಣವೆಂದುಕೊಂಡೆ — ಬೇಡ, ಮೊದಲು ಫಲ ನೋಡಲಿ.

ಮಾರ್ಚ್ ೧೬

ಎಂಟೂವರೆವರೆಗೆ ಬೆಳಕು! ಹದಿನಾಲ್ಕು ಜನ. ನೋಟೀಸಿನ ಕೊನೆಯ ಸಾಲನ್ನು ಒಬ್ಬಳು ತಡವರಿಸದೆ ಓದಿದಳು, ಓದಿ ತಾನೇ ಬೆಚ್ಚಿದಳು. ಬೆಳಿಗ್ಗೆ ಜೀಪು ಮೂರನೇ ಸಲಕ್ಕೆ ಸ್ಟಾರ್ಟ್ ಆಗಿತ್ತು. "ವಯಸ್ಸಾಯ್ತು ಮುದುಕನಿಗೆ" ಎಂದು ಗೇರಣ್ಣ ಸ್ಟೇರಿಂಗ್ ತಟ್ಟಿದ. ನಾನೂ ನಕ್ಕೆ.

ಮಾರ್ಚ್ ೧೮

ನಾಳೆ ಅತ್ತಿಗೆಗೆ — ಗೇರಣ್ಣನ ಹೆಂಡತಿಗೆ — ಕಣ್ಣಿನ ಆಪರೇಷನ್. ಎರಡೂ ಕಣ್ಣಿಗೆ ಪೊರೆ. ಹೊಲಿಗೆ ಅವರ ಕಸುಬು. ಈಗ ಕಪ್ಪು ಬಟ್ಟೆ ಯಾವುದು, ನೀಲಿ ಯಾವುದು ತಿಳಿಯದು. ಆಸ್ಪತ್ರೆ ಎಪ್ಪತ್ತು ಕಿಲೋಮೀಟರ್. ಏಳೂವರೆಗೆ ಹೆಸರು ಕೂಗುತ್ತಾರೆ. ಇಲ್ಲದಿದ್ದರೆ ಸರದಿ ಹೋಯಿತು. ಮೊದಲ ಬಸ್ಸೇ ಏಳಕ್ಕೆ. ಐದೂವರೆಗೆ ಇಬ್ಬರೂ ಇಲ್ಲಿಗೇ ಬಂದು ಜೀಪು ತೆಗೆದುಕೊಂಡು ಹೋಗುತ್ತಾರೆ.

ವಿಪರೀತ ಸೆಖೆ. ಫ್ಯಾನು ಹಾಕಿಕೊಂಡೇ ಮಲಗುವೆ. ಈಗ ಎರಡು ಬ್ಯಾಟರಿಯಲ್ಲವೆ.

ಮಾರ್ಚ್ ೧೯, ಬೆಳಿಗ್ಗೆ ೧೦

ಟಕ್. ಗೇರಣ್ಣ ಕೀ ತಿರುಗಿಸಿದಾಗ ಅಷ್ಟೇ ಸದ್ದು. ಮತ್ತೆ ಟಕ್.

ಎರಡೂ ಮೀಟರ್ ನೋಡಿದೆ. ಜೀಪು ೧೦.೯. ಟ್ರೇಲರು ೧೦.೯. ಪೂರ್ಣ ಸಮಾನತೆ.

ಕೊಂಡಿ ಬಿಡಿಸಿ ತಳ್ಳಿದೆವು. ಟ್ಯಾಂಕರು ನೀರು ಚೆಲ್ಲಿದ್ದ ನೆಲ, ಚಕ್ರ ಹೂತುಕೊಂಡಿತು. ಅತ್ತಿಗೆ ಚೀಲ ಕೆಳಗಿಟ್ಟು, ಅಂದಾಜಿನ ಮೇಲೆ ನಡೆದುಬಂದು, ನನ್ನ ಪಕ್ಕದಲ್ಲೇ ಹೆಗಲು ಕೊಟ್ಟರು. "ಜೋರಾಗಿ ತಳ್ಳೋ ಭಾಷಣ! ಶಕ್ತಿಯೆಲ್ಲ ಬಾಯಲ್ಲೇ ಇಟ್ಕೊಂಡಿದ್ಯಾ?"

ಎಂಟು ಗಂಟೆಗೆ ಒಬ್ಬ ಲಾರಿಯವನು ತನ್ನ ಬ್ಯಾಟರಿಯಿಂದ ಕೇಬಲ್ ಕೊಟ್ಟ, ಜೀಪು ಸ್ಟಾರ್ಟ್ ಆಯಿತು. ಆಸ್ಪತ್ರೆಗೆ ಫೋನ್ ಮಾಡಿದರೆ ಮುಂದಿನ ಸರದಿ ಹನ್ನೊಂದು ವಾರ ಬಿಟ್ಟು ಎಂದರು.

"ಹೋಗ್ಲಿ ಬಿಡಿ, ಪೊರೆ ಎಲ್ಲಿಗೂ ಓಡಿಹೋಗಲ್ಲ." ಆಮೇಲೆ ಗಂಡನ ಕಡೆ ತಿರುಗಿದರು — ಸರಿಯಾಗಿ ಅವನ ಕಡೆಗಲ್ಲ, ಜೀಪಿನ ಕನ್ನಡಿಯ ಕಡೆಗೆ. "ಆದ್ರೂ, ಒಂದು ಬ್ಯಾಟರಿ ನೋಡ್ಕೊಳ್ಳೋಕೆ ಆಗ್ಲಿಲ್ವಾ ನಿಮ್ಗೆ?"

ಬಾನೆಟ್ ಇನ್ನೂ ತೆರೆದೇ ಇತ್ತು. ಗೇರಣ್ಣ ಅದರೊಳಗೆ ಬಹಳ ಹೊತ್ತು ಬಗ್ಗಿ ನಿಂತಿದ್ದ. ಮುಚ್ಚಿದ.

"ನಂದೇ ತಪ್ಪು" ಎಂದ.

ನಾನು ಎರಡು ಮಾರು ದೂರದಲ್ಲಿದ್ದೆ. ಚಕ್ರದ ಕೆಸರು ಕೆರೆಯತೊಡಗಿದೆ.

ಮಾರ್ಚ್ ೨೦

ರಿಲೇ ವಾಪಸು ಹಾಕಿದೆ. ಕಳ್ಳನ ಹಾಗೆ.

ಹೇಳಿದರೆ ಅವನು ಹೋಗುತ್ತಾನೆ. ಹೋದರೆ ಟ್ರೇಲರು ಎಳೆಯುವವರಿಲ್ಲ. ಟ್ರೇಲರು ನಿಂತರೆ ಹದಿನಾಲ್ಕು ಜನರ ಓದು ನಿಲ್ಲುತ್ತದೆ. ಆದ್ದರಿಂದ ಹೇಳದಿರುವುದೇ ಜನಹಿತ.

ಬರೆದದ್ದನ್ನು ಎರಡು ಸಲ ಓದಿದೆ. ಸುಳ್ಳು. ಹದಿನಾಲ್ಕು ಜನರ ಲೆಕ್ಕವಲ್ಲ ಇದು. ಬೆಳಗಾದರೆ "ಏನ್ ಭಾಷಣ" ಎನ್ನುವ ಇನ್ನೊಂದು ಗಂಟಲು ನನಗಿಲ್ಲ.

ಮಾರ್ಚ್ ೨೪

ಗೇರಣ್ಣ ಬರುತ್ತಾನೆ, ಎಳೆಯುತ್ತಾನೆ, ಹೋಗುತ್ತಾನೆ. ಭಾಷಣ ಎನ್ನುವುದಿಲ್ಲ. "ರೆಡಿನಾ" ಎನ್ನುತ್ತಾನೆ. ಅತ್ತಿಗೆ ಹೇಗಿದ್ದಾರೆ ಎಂದೆ.

"ನಿನ್ನೆ ಬೆರಳಿಗೇ ಹೊಲಿಗೆ ಹಾಕ್ಕೊಂಡ್ಲು."

ಗೇರು ಬದಲಿಸಿದ.

ಏಪ್ರಿಲ್ ೬

ಬರೆದಿಲ್ಲ ಇಷ್ಟು ದಿನ. ಬರೆಯಲು ಕೂತರೆ ಬರುವ ಮೊದಲ ವಾಕ್ಯ ಗೊತ್ತಿತ್ತು, ಅದಕ್ಕೇ.

ಇಂದು ಹೇಳಿದೆ. ಹೇಳಿಕೆಯಂತೆ ಮೂರು ಅಂಶ ಸಿದ್ಧ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಗೇರಣ್ಣ, ಆ ರಿಲೇ ಬಿಚ್ಚಿದ್ದು ನಾನು."

"ಗೊತ್ತು."

"ಯಾವಾಗಿಂದ?"

"ಬಾನೆಟ್ ಎತ್ತಿದಾಗಲೇ. ಹೊಸ ಬೋಲ್ಟು, ಹೊಳೀತಿತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಊರಿಗೆಲ್ಲ ಸತ್ಯ ಹೇಳೋ ಹುಡುಗ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ಹದಿನೆಂಟು ದಿನ ಬೇಕಾಯ್ತಲ್ಲೋ ನಿನಗೆ."

ಓದುವವರ ಬಗ್ಗೆ, ದೀಪದ ಬಗ್ಗೆ ಏನೋ ಹೇಳಹೊರಟೆ.

"ಕೇಳಿದ್ರೆ ಬ್ಯಾಟರಿ ಬಿಚ್ಚಿ ಕೈಗೇ ಕೊಡ್ತಿದ್ದೆ. ನೀನು ಕೇಳಿ ನಾನು ಇಲ್ಲ ಅಂದಿದ್ದು ಏನಿದೆ, ಹೇಳು."

ಏನೂ ಇಲ್ಲ. ಹಂಚಿಕೊಂಡೆ ಎಂದುಕೊಂಡಿದ್ದೆ. ತೆಗೆದುಕೊಂಡಿದ್ದೆ.

"ಅತ್ತಿಗೆಗೆ ಗೊತ್ತಾ?"

"ಅವಳಿಗೆ ನಂದೇ ತಪ್ಪು ಅಂತ ಹೇಳಿದೀನಿ. ದಿನಾ ಬೈಸ್ಕೊಳ್ತಿದೀನಿ. ನಿನ್ನ ಕೆಲಸ ಅಂತ ಗೊತ್ತಾದ್ರೆ ನಿನಗೆ ಊಟ ಕಟ್ಟೋದು ನಿಲ್ಲಿಸ್ತಾಳೆ."

ಪ್ಲಗ್ ಕಿತ್ತ. ಕೊಂಡಿ ಬಿಡಿಸಿದ. ಜೀಪು ಹೋಯಿತು. ಒಂದು ಸಲ ಬೈದಿದ್ದರೆ…

ಏಪ್ರಿಲ್ ೯

ಟ್ರೇಲರು ೧೧.೬. ಇನ್ನು ಹಗಲಿದ್ದಷ್ಟೇ ತರಗತಿ ಎಂದು ಹೇಳಿದೆ. ಮೂವರು ಬಂದರು, ಇಬ್ಬರು ನಿಂತರು.

ಗೇಟಿನ ಕಂಬಕ್ಕೆ ಊಟದ ಡಬ್ಬಿ ನೇತಾಡುತ್ತಿತ್ತು. ಮೂರು ದಿನದಿಂದ ಹೀಗೇ. ಯಾವಾಗ ಬಂದು ಹೋಗುತ್ತಾನೋ, ಕಾಣಿಸುವುದಿಲ್ಲ. ತಿನ್ನುವುದಿಲ್ಲ ಎಂದು ಪಕ್ಕಕ್ಕಿಟ್ಟೆ. ಆಮೇಲೆ ತಿಂದೆ. ಹಸಿವಿಗೆ ಸಿದ್ಧಾಂತವಿಲ್ಲ.

ಬೈಗುಳ ಅವನಿಗೆ, ಊಟ ನನಗೆ. ಇಂಥ ವ್ಯವಸ್ಥೆಯ ವಿರುದ್ಧವೇ ಅಲ್ಲವೆ ನಾನು ದಿನಾ ಕೂಗುವುದು.

ಏಪ್ರಿಲ್ ೧೦, ಬೆಳಿಗ್ಗೆ ೧೧

ಅವರ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಜೀಪು ಇಲ್ಲ, ಗೇರಣ್ಣ ಬಾಡಿಗೆಗೆ ಹೋಗಿರಬೇಕು. ಅಂಶಗಳನ್ನು ಬರೆದು ತಂದಿಲ್ಲ. ತೊಳೆದ ಡಬ್ಬಿ ತಂದಿದ್ದೇನೆ.

ಒಳಗೆ ಹೊಲಿಗೆ ಮಿಷನ್. ನಾಲ್ಕು ಹೊಲಿಗೆ, ನಿಲ್ಲುತ್ತದೆ — ಬೆರಳಲ್ಲಿ ತಡವಿ ನೋಡುವಷ್ಟು ಹೊತ್ತು — ಮತ್ತೆ ನಾಲ್ಕು. ಹೇಳಿದರೆ ಗೇರಣ್ಣ ಬೈಸಿಕೊಳ್ಳುವುದಾದರೂ ನಿಲ್ಲುತ್ತದೆ. ಮತ್ತೆ ಬರುತ್ತಾನೋ ಇಲ್ಲವೋ, ಅದು ಬೇರೆ.

ಮಿಷನ್ ನಿಂತಿತು.

"ಯಾರದು ಮೆಟ್ಟಿಲ ಹತ್ರ? ಭಾಷಣನಾ? ನೆರಳು ಅವನ ಥರಾನೇ ಇದೆ. ಹೊರಗ್ಯಾಕೆ ಕೂತಿದ್ಯೋ, ಬಾ ಒಳಗೆ. ಈ ಸೂಜಿಗೆ ಸ್ವಲ್ಪ ದಾರ ಹಾಕ್ಕೊಡು."

ದಾರ ಹಾಕಿಕೊಟ್ಟು ಆಮೇಲೆ ಹೇಳುವೆ. ಇಲ್ಲ — ಮೊದಲು ಹೇಳಬೇಕು. ಹೇಳಿದ ಮೇಲೂ ಅವರು ಸೂಜಿ ನನ್ನ ಕಡೆ ಚಾಚಿದರೆ, ಆಗ ದಾರ ಹಾಕುವೆ. ಡಬ್ಬಿ ಎತ್ತಿಕೊಂಡು ಒಳಗೆ ಹೊರಟೆ.