ಆ ಮಾತಿನ ಮುಂದಿನ ಹೆಸರು

ಇಂಡಿ
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಪ್ರಜ್ಞಾ,

‘ಪ್ರೀತಿಯ’ ಎಂದು ಬರೆದದ್ದು ಹದಿನಾಲ್ಕು ವರ್ಷದ ರೂಢಿಯಿಂದ. ಇವತ್ತು ನನಗೆ ನಿನ್ನ ಮೇಲೆ ಇರುವುದು ಸಿಟ್ಟು. ನಿಮ್ಮ ‘ಡೋಣಿ ದಂಡೆ’ ಗುಂಪಿನಲ್ಲಿ ನಾನು ಒಂದಕ್ಷರವೂ ಬರೆಯದಂತೆ ಅಡ್ಮಿನ್ ಸಂಜೀವಕುಮಾರ ಸರ್ ಬಾಗಿಲು ಹಾಕಿದ್ದಾರೆ. ನೀನು ಫೋನ್ ಎತ್ತುತ್ತಿಲ್ಲ. ಮುದ್ದೇಬಿಹಾಳಕ್ಕೆ ಅಂಚೆಯಾದರೂ ಹೋಗುತ್ತದೆಯಲ್ಲ! ಸಿಂದಗಿಯ ಬಿ.ಎಡ್. ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು ನೀನು. ಈ ಕಾಗದವನ್ನು ಕೊನೆತನಕ ಓದು.

ಆನ್‌ಲೈನ್ ಬರಹಗಾರರ ಗುಂಪು, ಮೂರು ಸಾವಿರ ಜನ, ಏನು ಜಂಬ ನಿಮ್ಮದು! ಕಥೆಗೆ ಒಂದು ವಿಭಾಗ, ಕವಿತೆಗೆ ಒಂದು, ಹನಿಗವನಕ್ಕೆ ಒಂದು, ಬೆಳಗಿನ ಶುಭಾಶಯಕ್ಕೂ ಒಂದು. ಸ್ಕ್ರಿಪ್ಟಿಗೆ ಮಾತ್ರ ಇಲ್ಲ. ಜುಲೈನಲ್ಲಿ ನನ್ನ ಕಿರುಚಿತ್ರದ ಸ್ಕ್ರಿಪ್ಟ್ ಹಾಕಿದರೆ ಅದನ್ನು ‘ಇತರೆ’ಗೆ ತಳ್ಳಿದಿರಿ. ಅಲ್ಲಿ ಅದರ ಮೇಲೆ ಯಾರದೋ ಕಳೆದುಹೋದ ಆಧಾರ್ ಕಾರ್ಡು, ಕೆಳಗೆ ಚಡಚಣದ ದ್ರಾಕ್ಷಿ ಸಸಿಯ ಜಾಹೀರಾತು. ಯಾಕೆಂದು ಕೇಳಿದ್ದಕ್ಕೆ ಸಂಜೀವಕುಮಾರ ಸರ್ ಬಸವನ ಬಾಗೇವಾಡಿಯಿಂದ ಧ್ವನಿ ಸಂದೇಶ ಕಳಿಸಿದರು: “ಮೇಡಂ, ಸ್ಕ್ರಿಪ್ಟ್ ಅಂದ್ರ ನಟರ ಕೈಗೆ ಕೊಡೋ ಚೀಟಿ ರೀ. ಚೀಟಿಗೆ ಸಾಹಿತ್ಯ ಅಂತ ಹೆಂಗ ಅನ್ನೂದು?” ನಲವತ್ತು ಜನ ಚಪ್ಪಾಳೆ ಒತ್ತಿದರು. ಅದರಲ್ಲಿ ನಿನ್ನದೂ ಒಂದಿತ್ತು.

ಅದನ್ನೂ ನುಂಗಿಕೊಂಡೆ. ಆಮೇಲೆ ನೀನು ಫೋನ್ ಮಾಡಿ, “ಫರಹತ, ನಾ ಅದನ್ನ ಕಥಿ ಮಾಡಿ ಹಾಕ್ತೇನಿ, ಗುಂಪಿನ ವರ್ಷದ ಪುಸ್ತಕದಾಗ ಬರ್ತೈತಿ, ಅದರ ಸಂಪಾದಕಿ ನಾನ ಅದೀನಿ, ಸುಮ್ನಿರು” ಅಂದೆ. ನನಗೆ ಆಸೆಯಾಯಿತು, ಹೂಂ ಅಂದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ನೀನು ಮಾಡಿದ್ದೇನು? ಪ್ರತಿ ಮಾತಿನ ಮುಂದೆ ಆಡುವವರ ಹೆಸರಿತ್ತಲ್ಲ, ‘ತಾಯಿ’, ‘ಕಾಕಾ’ ಎಂದು, ಅವನ್ನೆಲ್ಲ “ಬರೇ ಅದ ಅದ ಬಂದೈತಿ” ಎಂದು ಅಳಿಸಿದೆ. ಸಾಲುಗಳನ್ನೆಲ್ಲ ಒತ್ತಿ ಪ್ಯಾರಾ ಮಾಡಿದೆ. ತಾಯಿ ರೊಟ್ಟಿ ಹಿಟ್ಟು ನಾದುತ್ತಾಳೆ ಎಂಬುದರ ಬೆನ್ನಿಗೇ ಕಾಕಾನ ಮಾತು ಬಂದು ಕೂತಿತು. ಈಗ ಓದಿದವರಿಗೆ ಆ ಮಾತು ಆಡಿದವಳು ತಾಯಿ.

ಯಾವ ಮಾತು ಎಂದು ನಿನಗೆ ಗೊತ್ತು. “ಸಾಕ ಬಿಡು ಸಾಲಿ. ಹೆಣ್ಣಹುಡುಗಿಗೆ ಏಳನೇತ್ತ ಬಾಳ ಆತು. ನಾಳಿಂದ ನಿಂಬಿಕಾಯಿ ಆರಸಾಕ ಕೂಡ್ರಲಿ.” ಅದನ್ನೂ ನೀನು “ಇನ್ನು ಶಾಲೆ ಸಾಕು, ಹೆಣ್ಣುಮಗಳಿಗೆ ಏಳನೆಯ ತರಗತಿಯೇ ಹೆಚ್ಚಾಯಿತು” ಎಂದು ಇಸ್ತ್ರಿ ಮಾಡಿದ್ದೀಯ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡಿ ಗೊತ್ತಿಲ್ಲ. ಆ ಮಾತಿನ ನಂತರ ನಾನು ಬರೆದಿದ್ದೆ: ‘ತಾಯಿ ಏನೂ ಹೇಳುವುದಿಲ್ಲ.’ ಮೂರೇ ಪದ ಪ್ರಜ್ಞಾ, ಅದಕ್ಕಾಗಿ ನಾಲ್ಕು ದಿನ ಕೂತಿದ್ದೆ. ನೀನು ಅದನ್ನು ಅನಗತ್ಯ ಎಂದು ತೆಗೆದುಬಿಟ್ಟೆ. ಸ್ಕ್ರಿಪ್ಟಿನಲ್ಲಿ ಸುಮ್ಮನಿರುವುದನ್ನೂ ಬರೆಯಬೇಕಾಗುತ್ತದೆ. ಯಾರು ಆಡಿದರು, ಯಾರು ಆಡಲಿಲ್ಲ ಎಂಬುದೇ ಅಲ್ಲಿ ಇಡೀ ಬರಹ. ಇಷ್ಟು ತಿಳಿಯದವರು ಅದನ್ನು ಚೀಟಿ ಅನ್ನುತ್ತೀರಿ!

ಆ ತಾಯಿ ನಮ್ಮ ಅಮ್ಮಿ ರಾಜಬಿ, ಆ ಹುಡುಗಿ ನಾನು, ಆ ಕಾಕಾ ತೀರಿಹೋದ ನಮ್ಮ ಮಶಾಕಸಾಬ ಕಾಕಾ. ಇದು ನಿನಗೆ ಗೊತ್ತಿತ್ತು. ನಿಮ್ಮ ಗುಂಪು ಅದಕ್ಕೆ ಮೊದಲ ಬಹುಮಾನ ಕೊಟ್ಟಿತು, ಯಾರೋ ನನ್ನ ಹೆಸರು ಹೇಳಿ, ಇಂಪಾದ ದನಿಯಲ್ಲಿ ಓದಿ ಹರಿಬಿಟ್ಟರು. ಬುಧವಾರ ನಮ್ಮ ಅಂಗಳದಲ್ಲಿ ಅಮ್ಮಿ ಮತ್ತು ಓಣಿಯ ಹೆಂಗಸರು ನಿಂಬೆಹಣ್ಣು ಆರಿಸುತ್ತಿದ್ದಾಗ ಪಕ್ಕದ ಮನೆಯ ಸಗೀರಾ ಆಪಾ ಅದನ್ನು ಫೋನಿನಲ್ಲಿ ದೊಡ್ಡದಾಗಿ ಹಚ್ಚಿದಳು. ತಾಯಿಯ ಬಾಯಲ್ಲಿ ಆ ಮಾತು ಬಂದಾಗ ಎಲ್ಲರೂ ಅಮ್ಮಿಯ ಮುಖ ನೋಡಿದರು. ಸಗೀರಾ ಆಪಾ “ಅಯ್ಯ, ರಾಜಬಿ, ನೀ ಹಿಂಗ ಅಂದಿದ್ದೇನ?” ಎಂದು ಕೇಳಿಯೇಬಿಟ್ಟಳು. ಅಮ್ಮಿ ಬುಟ್ಟಿ ಬಿಟ್ಟು ಒಳಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ರೊಟ್ಟಿ ಬಡಿದು ತಟ್ಟೆ ಇಟ್ಟು ಹೋಗುತ್ತಾಳೆ.

ಬಹುಮಾನ ಬಂದಿತಲ್ಲ ಎಂದು ಹೇಳಬೇಡ. ನಾನು ಬರೆಯದ್ದಕ್ಕೆ ಬಂದ ಬಹುಮಾನ ನನಗೆ ಯಾಕೆ? ಇದನ್ನೇ ಗುಂಪಿನಲ್ಲಿ ಹೇಳಿದ್ದಕ್ಕೆ ನನ್ನ ಬಾಯಿ ಮುಚ್ಚಿಸಿದಿರಿ. ಪುಸ್ತಕ ಇಪ್ಪತ್ತನೇ ತಾರೀಖಿಗೆ ಅಚ್ಚಿಗೆ ಹೋಗುತ್ತದೆಯಂತೆ. ದನಿಯನ್ನು ಅಳಿಸಬಹುದು, ಅಚ್ಚಾದ ಪುಸ್ತಕವನ್ನು ಮನೆಮನೆಗೆ ಹೋಗಿ ಕಿತ್ತುಕೊಂಡು ಬರಲಿಕ್ಕಾಗುತ್ತದೆಯೇ? ಅದರಲ್ಲಿ ನನ್ನ ಸ್ಕ್ರಿಪ್ಟ್ ಸ್ಕ್ರಿಪ್ಟಾಗಿಯೇ ಬರಬೇಕು, ಪ್ರತಿ ಮಾತಿನ ಮುಂದೆ ಹೆಸರಿರಬೇಕು. ಇಲ್ಲದಿದ್ದರೆ ಪೂರ್ತಿ ತೆಗೆದುಹಾಕು. ನಡುವಿನ ದಾರಿ ಹುಡುಕಬೇಡ. ಆಡದ ಮಾತನ್ನು ಒಬ್ಬರ ಬಾಯಲ್ಲಿ ತುರುಕುವ ಹಕ್ಕು ನಿನಗೆ ಯಾರು ಕೊಟ್ಟರು? ಸಂಜೀವಕುಮಾರ ಸರ್‌ಗೂ ಈ ಕಾಗದ ತೋರಿಸು, ನನಗೇನೂ ಹೆದರಿಕೆಯಿಲ್ಲ.

ನಿನ್ನ ಮಗಳಿಗೆ ಜ್ವರ ಬಿಟ್ಟಿತೇ? ಅದನ್ನಾದರೂ ತಿಳಿಸು.

ಸಿಟ್ಟಿನಲ್ಲಿರುವ ನಿನ್ನ ಗೆಳತಿ,
ಫರಹತ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಮ್ಮಿಗೆ ಸಮಾಧಾನವಾಗಲಿ ಎಂದು ಇದನ್ನು ಓದಿ ಹೇಳಿದೆ. ಕೇಳಿಸಿಕೊಂಡು, ನಾಲ್ಕು ದಿನದ ಮೇಲೆ ಬಾಯಿಬಿಟ್ಟಳು. “ಆ ಮಾತು ನಾನ ಅಂದಿದ್ದೆ. ಮಶಾಕ ಅವತ್ತ ಊರಾಗೂ ಇದ್ದಿದ್ದಿಲ್ಲ. ಸತ್ತಾನಂತ ಅವನ ಬಾಯಾಗ ಹಾಕೀಯೇನು?” ಅಂದಳು.

ಪ್ರಜ್ಞಾ, ನನಗೆ ಅದು ಗೊತ್ತಿತ್ತು. ಅವತ್ತು ನಾನು ಕದದ ಹಿಂದೆ ನಿಂತಿದ್ದೆ. ಅಮ್ಮಿಯನ್ನು ಉಳಿಸಬೇಕೆಂದು ಕಾಕಾನ ಹೆಸರು ಹಾಕಿದೆ. ನಿನ್ನನ್ನು ಯಾವುದಕ್ಕೆ ಬೈದೆನೋ ಅದನ್ನು ನಿನಗಿಂತ ಮೊದಲು ಮಾಡಿದವಳು ನಾನೇ. ನನಗೆ ನಾಚಿಕೆಯಾಗಿದೆ.

ಅಮ್ಮಿ ಅಲ್ಲಿಗೂ ಬಿಡಲಿಲ್ಲ. “ಸಾಲಿ ಬಿಡಿಸಿದಾಕಿ ನಾನು. ಮೂರು ತಿಂಗಳಾದ ಮ್ಯಾಲ ಹೆಡ್‌ಮಾಸ್ತರ ಕಡೆ ಹೋಗಿ, ಕೈ ಮುಗದು, ತಿರುಗಿ ಹೆಸರ ಹಚ್ಚಿಸಿದಾಕಿನೂ ನಾನು. ‘ತಾಯಿ ಏನೂ ಹೇಳುವುದಿಲ್ಲ’ ಅಂತ ಬರದೀಯಲ್ಲ, ನಾ ಏನ ಮೂಕಿ ಇದ್ನೇನ?” ಎಂದು ಕೇಳಿದಳು.

ಇಪ್ಪತ್ತರೊಳಗೆ ಹೊಸ ಪ್ರತಿ ಕಳಿಸುತ್ತೇನೆ. ಅದರಲ್ಲಿ ಆ ಮಾತಿನ ಮುಂದೆ ‘ರಾಜಬಿ’ ಎಂದೇ ಇರುತ್ತದೆ. ಅಳಿಸಿದರೆ ಈ ಸಲ ಕಾಗದ ಬರುವುದಿಲ್ಲ, ಅಮ್ಮಿಯೇ ಬಸ್ಸು ಹತ್ತಿ ಮುದ್ದೇಬಿಹಾಳಕ್ಕೆ ಬರುತ್ತಾಳಂತೆ.